ಅಮ್ಮ ಕೀಳದ ವೈರು

ಭಾನುವಾರ, ಬೆಳಗಿನ ಚಹಾ ಮುಗಿಸಿ

ಪ್ರೀತಿಯ ಟ್ರಿಣಿ,

ನೀನೀಗ ದೂರಸಂಪರ್ಕ ಆಯೋಗದ ಸದಸ್ಯೆ. ನಿನಗೆ ಬರೆಯುವವರೆಲ್ಲ "ಮಾನ್ಯರೇ" ಎಂದು ಶುರು ಮಾಡುತ್ತಾರೆ. ಹಾಗೆ ಶುರುವಾಗುವ ಕಾಗದವನ್ನೂ ನಾನು ಬರೆದಿದ್ದೇನೆ. ಅದು ನಿನ್ನ ಕಚೇರಿ ಸೇರಿ, ಯಾವನೋ ಗುಮಾಸ್ತನ ಕೈಯಲ್ಲಿ ಮೊಹರು ಹೊಡೆಸಿಕೊಂಡು ಕೂತಿರಬೇಕು. ಇದು ಮನೆಗೆ ಬರೆದದ್ದು. ಮಾತು ಬರುವ ಮುಂಚೆಯೇ ಟೆಲಿಫೋನ್ ಗಂಟೆಯ ಹಾಗೆ ಟ್ರಿಣ್ ಟ್ರಿಣ್ ಅನ್ನುತ್ತಿದ್ದೆಯೆಂದು ಅಮ್ಮ ನಿನಗಿಟ್ಟ ಹೆಸರು ಇದು. ಬೇರೆ ಯಾವ ಹೆಸರು ಹಿಡಿದೂ ನಿನಗೆ ಬೈಯಲು ನನಗೆ ಬರುವುದಿಲ್ಲ.

ಚೆನ್ನಾಗಿದ್ದೀಯಾ ಎಂದು ಕೇಳುವಷ್ಟು ದೊಡ್ಡ ಮನಸ್ಸು ಈ ವಾರ ನನಗಿಲ್ಲ.

ಹೋದ ಸೋಮವಾರ ವಾಚನಾಲಯದಲ್ಲಿ ನಿನ್ನ ಸಮಿತಿಯ ಕರಡು ವರದಿ ಓದಿದೆ. ಇಂಥ ವರದಿಗಳನ್ನು ಈ ಊರಿನಲ್ಲಿ ಬಿಚ್ಚುವುದು ನಾನೊಬ್ಬಳು, ಗೆದ್ದಲು ಇನ್ನೊಂದು. ಈ ಸಲ ನೀವೇ ಗೆದ್ದಿರಿ ಟೀಚರ್ ಎಂದು ವಾಚನಾಲಯದವನು ನಕ್ಕ. ನಾನೂ ನಕ್ಕೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಮೊದಲ ಪುಟ ತಿರುವುವಾಗ ನನ್ನ ಮನಸ್ಸಿನಲ್ಲಿದ್ದದ್ದು ಹೆಮ್ಮೆಯೇ. ವರದಿಯ ಮೇಲೆ ನನ್ನ ತಂಗಿಯ ಹೆಸರಿತ್ತಲ್ಲ, ಬೆರಳಲ್ಲಿ ಒಮ್ಮೆ ಸವರಿಯೂ ಸವರಿದೆ.

ನೀನು ಬರೆದದ್ದನ್ನೇ ನಿನಗೆ ಹೇಳುವುದು ಬೇಡ. ಆದರೂ ನನಗೆ ಅರ್ಥವಾದದ್ದು ಸರಿಯೋ ತಪ್ಪೋ ನೋಡು. ಜನರ ಫೋನ್ ಬಿಲ್ಲಿನಲ್ಲಿ ಒಂದಿಷ್ಟು ಹಿಡಿದು ಕೂಡಿಹಾಕಿದ ನಿಧಿಯಿದೆ. ಇಷ್ಟು ದಿನ ಅದರಿಂದ ನಮ್ಮಂಥ ಕೆಲವು ಶಾಲೆಗಳಿಗೆ ಕೇಬಲ್ ಎಳೆದು ಇಂಟರ್ನೆಟ್ ಕೊಟ್ಟಿರಿ. ಅದರಲ್ಲಿ ಏನು ಬೇಕಾದರೂ ನೋಡಬಹುದಿತ್ತು, ಏನು ಬೇಕಾದರೂ ಕಟ್ಟಬಹುದಿತ್ತು. ಇನ್ನು ಮೇಲೆ ಅದೇ ನಿಧಿಯಿಂದ ಎಲ್ಲ ಶಾಲೆಯ ಎಲ್ಲ ಮಕ್ಕಳಿಗೂ ಒಂದೊಂದು ಟ್ಯಾಬ್ಲೆಟ್ ಬರುತ್ತದೆ. ಸಂಪರ್ಕವನ್ನು ಒಂದು ಕಂಪನಿ ಪುಕ್ಕಟೆಯಾಗಿ ಕೊಡುತ್ತದೆ. ಪ್ರತಿಯಾಗಿ ಆ ಟ್ಯಾಬ್ಲೆಟ್ಟಿನಲ್ಲಿ ಕಂಪನಿಯೂ ನಿನ್ನ ಸಮಿತಿಯೂ ಸೇರಿ ಆರಿಸಿದ ಪುಟಗಳು ಮಾತ್ರ ತೆರೆಯುತ್ತವೆ. ಮಿಕ್ಕದ್ದಕ್ಕೆ ಬೀಗ. ಹಳೆಯ ಕೇಬಲ್ಲುಗಳನ್ನು ಕಡಿಯುತ್ತೀರಿ, ಮೊದಲು ನಮ್ಮ ಶಾಲೆಯದು. ಯಾಕೆಂದರೆ ತೆರೆದ ಸಂಪರ್ಕ ಹೇಗೆ ದುರ್ಬಳಕೆಯಾಗುತ್ತದೆ ಎಂಬುದಕ್ಕೆ ನಮ್ಮ ಶಾಲೆಯೇ ನಿದರ್ಶನವಂತೆ.

ನಿದರ್ಶನ! ಆ ಪದ ಓದಿದಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದೆ. ಒರೆಸಿದ್ದರಿಂದ ಪದವೇನೂ ಬದಲಾಗಲಿಲ್ಲ.

ಹೋದ ಚಳಿಗಾಲದಲ್ಲಿ ನೀನು ಬಂದೆಯಲ್ಲ, ಟ್ರಿಣಿ. ರಜೆ ಹಾಕಿದ್ದೀನಿ ಅಕ್ಕ, ನಿನ್ನ ಗೂಡು ನೋಡ್ಬೇಕು ಅಂತ ಫೋನಿನಲ್ಲಿ ಹೇಳಿದೆ. ನಾನು ಹಾಸಿಗೆಯ ಹೊದಿಕೆ ಬದಲಾಯಿಸಿದೆ, ನಿನಗೆ ಬೇಕಾದ ಎತ್ತರದ ದಿಂಬು ಹುಡುಕಿದೆ. ನಿವೃತ್ತಿಯಾದ ಮೇಲೂ ದಿನಾ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿ ಅದೇನು ಮಾಡುತ್ತೀಯ ಎಂದು ನನ್ನನ್ನು ಕೇಳದವರಿಲ್ಲ. ಒಬ್ಬಳಾದರೂ ಬಂದು ನೋಡಬೇಕೆಂದಳಲ್ಲ ಎಂದು ನನಗೆ ಕಾಲು ನೆಲದ ಮೇಲಿರಲಿಲ್ಲ.

ಹಿಂದೆ ರಸಾಯನಶಾಸ್ತ್ರದ ಸಾಮಾನಿಡುತ್ತಿದ್ದ ಕೋಣೆ ಅದು. ಮೇಜಿನ ಮೇಲೆ ಆ್ಯಸಿಡ್ಡಿನ ಕಲೆ ಇನ್ನೂ ಇದೆ, ಮಳೆ ಬಂದರೆ ವಾಸನೆಯೂ ಎದ್ದು ಬರುತ್ತದೆ. ಅಲ್ಲಿನ ಪದ್ಧತಿ ಏನೆಂದು ನಾನೇ ನಿನಗೆ ವಿವರಿಸಿದೆ: ಕಂಪ್ಯೂಟರನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ ಮೇಲೆಯೇ ಮಗು ಅದರ ಮುಂದೆ ಕೂರಬೇಕು. ಒಳಗೆ ದೆವ್ವವೂ ಇಲ್ಲ, ದೇವರೂ ಇಲ್ಲ ಅನ್ನುವುದು ಮೊದಲು ಕಣ್ಣಿಗೆ ಬೀಳಲಿ ಎಂದು. ಜೋಡಿಸಿದ ಮೇಲೆ ಉಳಿದ ಸ್ಕ್ರೂಗಳಿಗೆ ಒಂದು ಡಬ್ಬಿ. ಹೆಡ್ಮಾಸ್ತರರು ಆ ಡಬ್ಬಿ ಕುಲುಕಿ, ಮೆಷಿನ್ನಿಗಿಂತ ಇದರಲ್ಲೇ ಸ್ಕ್ರೂ ಜಾಸ್ತಿ ಇವೆಯಲ್ಲ ಟೀಚರ್, ಆದರೂ ಓಡ್ತಿವೆ ಅಂದರೆ ಪವಾಡವೇ ಸೈ ಎಂದರು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ಶಾಲೆ ಬಿಟ್ಟ ಮೇಲೆ ಊರವರು ಬಂದರು. ಟೈಲರ್ ಹೊಸ ಕಾಲರಿನ ಅಳತೆ ಹುಡುಕಲು ಬಂದ, ನರ್ಸಮ್ಮ ದೂರದಲ್ಲಿರುವ ಗಂಡನ ಮುಖ ನೋಡಲು ಬಂದರು. ನೀನು ಅವರಿಗೆಲ್ಲ ಜಾಗ ಬಿಟ್ಟುಕೊಟ್ಟೆ. ಎಷ್ಟು ಚಂದ ಅಲ್ವಾ ಅಕ್ಕ ಎಂದೆ.

ವರದಿಯಲ್ಲಿ ಅದು ಹೀಗಿದೆ: "ಯಂತ್ರಗಳು ಕಳಚಿದ ಸ್ಥಿತಿಯಲ್ಲಿದ್ದವು. ಶಾಲೆಗೆ ಸಂಬಂಧಪಡದ ವಯಸ್ಕರು ಸಂಪರ್ಕವನ್ನು ಖಾಸಗಿ ಕೆಲಸಕ್ಕೆ ಬಳಸುತ್ತಿದ್ದರು. ಮಕ್ಕಳು ಪಠ್ಯಕ್ಕೆ ಹೊರತಾದ ಪುಟಗಳಲ್ಲಿ ಮಗ್ನರಾಗಿದ್ದರು."

ಇದರಲ್ಲಿ ಯಾವ ವಾಕ್ಯವೂ ಸುಳ್ಳಲ್ಲ, ಅದೇ ನನ್ನ ಸಂಕಟ. ಯಾರೋ ಅಪರಿಚಿತ ಅಧಿಕಾರಿ ಬಂದು ಹೀಗೆ ಬರೆದಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಗೀಚಿ ಸುಮ್ಮನಾಗುತ್ತಿದ್ದೆ. ಇವನ್ನು ಬರೆದವಳು ನನ್ನ ತಟ್ಟೆಯಲ್ಲಿ ಉಂಡು, ನನ್ನ ಸ್ವೆಟರ್ ಹಾಕಿಕೊಂಡು, ನಾಳೆ ಮತ್ತೊಂದು ದಿನ ಇರ್ತೀನಿ ಅಕ್ಕ ಎಂದು ಮಲಗಿದವಳು. ನೀನು ತಪಾಸಣೆಗೆ ಬಂದಿದ್ದೀಯೆಂದು ಒಂದು ಮಾತು ಹೇಳಿದ್ದರೂ ಸಾಕಿತ್ತು. ಸ್ಕ್ರೂ ಡಬ್ಬಿಯನ್ನು ಕಪಾಟಿನಲ್ಲಿಡುತ್ತಿದ್ದೆನೇನೋ. ಇಲ್ಲ, ಇಡುತ್ತಿರಲಿಲ್ಲ. ಆದರೆ ಹೇಳಬೇಕಿತ್ತು.

ಇನ್ನು ಆ ಹುಡುಗಿಯ ವಿಷಯ. ಬಸ್ ಡ್ರೈವರನ ಮಗಳು, ನಾವೆಲ್ಲ ಬಡಬಡಿ ಅನ್ನುತ್ತೇವೆ. ಉಸಿರಾಡಲು ಮಾತ್ರ ಮಾತು ನಿಲ್ಲಿಸುವ ಪೈಕಿ. ಅವಳು ಅದೇ ಕೋಣೆಯಲ್ಲಿ ಕೂತು "ಬಸ್ಸೆಲ್ಲಿ" ಅನ್ನುವ ಪುಟ ಕಟ್ಟಿದಳು. ಕಂಡಕ್ಟರುಗಳು ಒಂದೊಂದು ನಿಲ್ದಾಣ ದಾಟಿದಾಗಲೂ ಫೋನಿನಿಂದ ಒಂದು ಗುಂಡಿ ಒತ್ತುತ್ತಾರೆ, ಬಸ್ಸು ಎಲ್ಲಿದೆಯೆಂದು ಪುಟದಲ್ಲಿ ಕಾಣುತ್ತದೆ. ಈಗ ಊರಿನಲ್ಲಿ ಅದನ್ನು ನೋಡದೆ ಚಪ್ಪಲಿ ಹಾಕುವವರಿಲ್ಲ. ಆಸ್ಪತ್ರೆಗೆ ಹೋಗುವ ಮುದುಕರು ಬಿಸಿಲಲ್ಲಿ ನಿಂತು ಕಾಯುವುದು ತಪ್ಪಿದೆ. ಅವಳು ಅದನ್ನು ನಿನಗೆ ತೋರಿಸಲು ಓಡಿ ಬಂದು ನಿನ್ನ ಎಡಗಡೆ ನಿಂತಳು.

ನಾನು ನೋಡುತ್ತಲೇ ಇದ್ದೆ. ನಿನ್ನ ಎಡಗಿವಿಗೆ ಏನೂ ಕೇಳಿಸುವುದಿಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಆಯೋಗದಲ್ಲಿ ಯಾರಿಗೂ ಗೊತ್ತಿಲ್ಲವೆಂದು ನೀನೇ ಹೇಳಿದ್ದೆ. ಹುಡುಗಿಯ ಭುಜ ಹಿಡಿದು ಬಲಗಡೆಗೆ ತರಲು ಬಂದೆ. ನೀನು ಕೈ ಅಲ್ಲಾಡಿಸಿ, ಇರಲಿ ಬಿಡು ಎಂದೆ. ಅವಳು ಹೇಳುತ್ತಾ ಹೋದಳು, ನೀನು ತಲೆಯಾಡಿಸುತ್ತಾ ಹೋದೆ. ಆಗ ನಾನು ಅದನ್ನು ನಿನ್ನ ಸಂಕೋಚ ಅಂದುಕೊಂಡೆ. ಈಗ ವರದಿ ಓದಿದ ಮೇಲೆ ತಿಳಿಯಿತು, ಅವಳು ಏನು ಹೇಳಿದರೂ ನಿನಗೆ ಬೇಕಾಗಿರಲಿಲ್ಲ. "ಪಠ್ಯಕ್ಕೆ ಹೊರತಾದ ಪುಟ" ಅವಳದ್ದು. ಆ ಮೇಡಂಗೆ ನನ್ನ ಪುಟ ತುಂಬಾ ಇಷ್ಟ ಆಯ್ತು ಟೀಚರ್, ಎಲ್ಲದಕ್ಕೂ ಹೂಂ ಹೂಂ ಅಂದ್ರು ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾಳೆ. ನನ್ನಿಂದ ಅದನ್ನು ತಿದ್ದಲು ಆಗಿಲ್ಲ.

ಇಷ್ಟನ್ನೂ ನುಂಗಿಕೊಳ್ಳಬಹುದಿತ್ತು. ನೀತಿ ಮಾಡುವವರು ಯಾರ ಕಾಲನ್ನಾದರೂ ತುಳಿಯಲೇಬೇಕು, ಅದು ಅಕ್ಕನ ಕಾಲಾದರೆ ಅಕ್ಕ ಚಪ್ಪಲಿ ಹಾಕಿಕೊಳ್ಳಲಿ. ಆದರೆ ನೀನು ವರದಿಯ ಮುನ್ನುಡಿಗೆ ಅಮ್ಮನನ್ನು ಎಳೆದು ತಂದೆ.

ನಮ್ಮ ಮನೆಯ ಮುಂದಿನ ಕೋಣೆಯೇ ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಆಗಿದ್ದದ್ದು ನಿನಗೂ ನೆನಪಿದೆ. ಗೋಡೆಯುದ್ದಕ್ಕೂ ತೂತುಗಳ ಹಲಗೆ, ಅದರ ಮುಂದೆ ಎತ್ತರದ ಸ್ಟೂಲಿನ ಮೇಲೆ ಅಮ್ಮ, ಒಂದು ತೂತಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚುವ ಅವಳ ಕೈ. ಪಟ್ಟಣಕ್ಕೆ ಹೋಗುವುದು ಒಂದೇ ಲೈನ್. ಯಾರು ಮೊದಲು ಕೇಳಿದರೋ ಅವರಿಗೆ ಮೊದಲು. ಸಾಮಿಲ್ಲಿನ ಯಜಮಾನ ಕೂಗಾಡಿದಾಗ, ನಿಮಗಿಂತ ಮುಂದೆ ಆಸ್ಪತ್ರೆ ಆಯಾ ಇದ್ದಾರೆ ಸ್ವಾಮಿ, ಅವರ ಮಾತು ಮುಗೀಲಿ ಎಂದಿದ್ದಳು. ಈ ಕಥೆಯನ್ನು ನೀನು ಎಷ್ಟು ವೇದಿಕೆಗಳಲ್ಲಿ ಹೇಳಿಲ್ಲ! ತಂತಿಯ ಮೇಲೆ ಎಲ್ಲರೂ ಸಮ, ಇದನ್ನು ನನಗೆ ಕಲಿಸಿದ್ದು ನನ್ನ ತಾಯಿ ಎಂದು ನೀನು ಹೇಳಿದಾಗ ಚಪ್ಪಾಳೆ ಬೀಳುತ್ತಿತ್ತು. ಒಂದು ಸಲ ನಾನೂ ಹಿಂದಿನ ಸಾಲಿನಲ್ಲಿ ಕೂತು ತಟ್ಟಿದ್ದೇನೆ.

ಈಗ ಬರೆದದ್ದು ಇದು: "ನನ್ನ ತಾಯಿ ಟೆಲಿಫೋನ್ ಆಪರೇಟರ್. ನಾನು ಮಗುವಾಗಿದ್ದಾಗ ಜ್ವರದಿಂದ ಸಾಯುವ ಸ್ಥಿತಿಯಲ್ಲಿದ್ದೆ. ವೈದ್ಯರನ್ನು ಕರೆಯಲು ಇದ್ದ ಒಂದೇ ಲೈನಿನಲ್ಲಿ ಯಾರೋ ಮಾತಾಡುತ್ತಿದ್ದರು. ತಾಯಿ ಆ ವೈರನ್ನು ಕಿತ್ತರು, ನಾನು ಉಳಿದೆ. ಯಾವ ಮಾತು ಮುಖ್ಯವೆಂದು ಯಾರಾದರೂ ಆರಿಸಲೇಬೇಕು."

ಟ್ರಿಣಿ, ಅಮ್ಮ ಆ ವೈರು ಕೀಳಲಿಲ್ಲ.

ನಾನು ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ. ನೀನು ಒಳಕೋಣೆಯಲ್ಲಿ ಕೆಂಡದ ಹಾಗೆ ಸುಡುತ್ತಾ, ಎಡಗಿವಿ ಹಿಡಿದುಕೊಂಡು ಹೊರಳಾಡುತ್ತಿದ್ದೆ. ಅಪ್ಪ ಸೈಕಲ್ ಹತ್ತಿ ಊರ ಡಾಕ್ಟರನ್ನು ಹುಡುಕಲು ಹೋದವರು ಬಂದಿರಲಿಲ್ಲ. ಲೈನು ಬಿಟ್ಟುಕೊಡಿ ಎಂದು ಕೇಳೋಣವೆಂದು ಅಮ್ಮ ಹೆಡ್‌ಫೋನ್ ಕಿವಿಗೇರಿಸಿದಳು. ಕೈ ವೈರಿನ ಮೇಲಿತ್ತು. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕೈಯನ್ನೂ ಹಿಂದಕ್ಕೆ ತೆಗೆದಳು. ಹಾಗೇ ಕೂತಳು. ಲೈನು ತಾನಾಗಿ ಬಿಡುವಾದ ಮೇಲೆ ಪಟ್ಟಣದ ಡಾಕ್ಟರಿಗೆ ಫೋನು ಹೋಯಿತು. ಅವರು ಬಂದು ನಿನ್ನನ್ನು ಉಳಿಸಿದರು. ಕಿವಿಯನ್ನು ಉಳಿಸಲಾಗಲಿಲ್ಲ, ಇನ್ನೂ ಸ್ವಲ್ಪ ಬೇಗ ಕರೆಯಬಾರದಿತ್ತೇ ಎಂದರು.

ನೀನು ಕಾಲೇಜಿಗೆ ಹೋಗುವಾಗ ಅಮ್ಮನನ್ನು ನೇರವಾಗಿ ಕೇಳಿದೆ. ನಾನೂ ಅಲ್ಲೇ ಇದ್ದೆ. ಅವಳು ಮುಚ್ಚಿಡಲಿಲ್ಲ. ಆ ಕಡೆ ಯಾರೋ ಅಳ್ತಿದ್ರು ಕಣೇ, ಅವರ ಅಳು ಸಣ್ಣದೋ ನನ್ನ ಅಳು ಸಣ್ಣದೋ ನಾನು ಹೇಗೆ ಹೇಳಲಿ ಎಂದಳು. ನೀನು ತಟ್ಟೆಯನ್ನು ಸರಿಸಿ ಎದ್ದು ಹೋದೆ. ಅಂದಿನಿಂದ ಸಾಯುವ ತನಕ ಅವಳು ನಿನ್ನ ಬಲಗಡೆ ಬಿಟ್ಟು ಬೇರೆ ಕಡೆ ಕೂರಲಿಲ್ಲ, ನಿನ್ನ ಜೊತೆ ನಡೆಯುವಾಗ ರಸ್ತೆ ದಾಟಿಯಾದರೂ ಬಲಗಡೆಗೇ ಬರುತ್ತಿದ್ದಳು. ನಾನೂ ಅದನ್ನೇ ಕಲಿತೆ. ನಮ್ಮ ಮನೆಯ ಮಕ್ಕಳೂ ಯಾಕೆಂದು ಕೇಳದೆ ಕಲಿತವು.

ಅಮ್ಮ ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮಗುವಾಗಿದ್ದರೆ ಕೀಳುತ್ತಿದ್ದೆ ಅಂತ ಕೆಲವೊಮ್ಮೆ ಅನಿಸುತ್ತದೆ. ನಿನಗೆ ಅವಳ ಮೇಲೆ ಕೋಪವಿದ್ದರೆ ಅದು ನಿನ್ನ ಹಕ್ಕು, ಅದನ್ನು ಪ್ರಶ್ನಿಸಲು ಎರಡೂ ಕಿವಿಯಿರುವ ನಾನು ಯಾರು? ಹಾಗೆಂದೇ ಬರೆಯಬಹುದಿತ್ತಲ್ಲ: ನನ್ನ ತಾಯಿ ವೈರು ಕೀಳಲಿಲ್ಲ, ಅದಕ್ಕೆ ನಾನು ಬೆಲೆ ತೆತ್ತೆ, ಆದ್ದರಿಂದ ನಾನು ಕೀಳುತ್ತೇನೆ. ಅದು ಗಟ್ಟಿಯಾದ ವಾದ. ಅದರ ಮುಂದೆ ನಾನು ಬಾಯಿ ಮುಚ್ಚುತ್ತಿದ್ದೆ. ಆದರೆ ನೀನು ಮಾಡಿದ್ದೇನು? ಸತ್ತ ಹೆಂಗಸಿನ ಕೈಗೆ ಅವಳು ಕೀಳದ ವೈರನ್ನು ಕೊಟ್ಟು ನಿಲ್ಲಿಸಿದೆ, ಒಂದು ಕಂಪನಿಯ ಬೀಗಕ್ಕೆ ಸಾಕ್ಷಿಯಾಗಲಿ ಎಂದು. ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಗೊತ್ತಿದ್ದವರು ಮೂವರು. ಒಬ್ಬಳು ಹೋದಳು, ಒಬ್ಬಳು ಬರೆದಳು, ಇನ್ನೊಬ್ಬಳು ಓದುವುದೂ ಇಲ್ಲ, ಓದಿದರೂ ಮಾತಾಡುವುದಿಲ್ಲ ಅಂತ ಲೆಕ್ಕ ಹಾಕಿದೆ.

ವರದಿ ಓದಿದ ಮರುದಿನ ನಾನು ಬಡಬಡಿಯನ್ನು ಕರೆದುಕೊಂಡು ದೋಣಿಯಲ್ಲಿ ನದಿಯಾಚೆಯ ಶಾಲೆಗೆ ಹೋದೆ. ಅಲ್ಲಿ ನಿನ್ನ ಟ್ಯಾಬ್ಲೆಟ್ಟುಗಳ ಪ್ರಯೋಗ ಆಗಲೇ ನಡೆಯುತ್ತಿದೆಯಲ್ಲ. ಬೈಯಲು ಸಾಮಗ್ರಿ ಸಿಗಲಿ ಎಂದೇ ಹೋದೆ, ಸುಳ್ಳು ಹೇಳುವುದಿಲ್ಲ. ಆ ಶಾಲೆಗೆ ಇದುವರೆಗೆ ಫೋನಿನ ಸಿಗ್ನಲ್ಲಿನ ಒಂದು ಗೀಟೂ ಹತ್ತುತ್ತಿರಲಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು, ತೆರೆಯ ಮೇಲೆ ಹೃದಯ ಬಡಿಯುವುದನ್ನು ನೋಡುತ್ತಿದ್ದವು. ಒಂದು ಪುಟ್ಟಿ ತನ್ನ ಎದೆ ಮುಟ್ಟಿಕೊಂಡು ನೋಡಿದಳು. ಅದನ್ನು ಕಂಡು ನನ್ನ ಅರ್ಧ ಕೋಪ ಇಳಿದೇ ಹೋಯಿತು.

ಅಲ್ಲಿನ ಟೀಚರಮ್ಮ ಚಿಕ್ಕ ವಯಸ್ಸಿನವಳು, ನಾಲಿಗೆ ಮಾತ್ರ ನನ್ನಷ್ಟೇ ಹಳೆಯದು. ನಾನು ಬೀಗದ ಮಾತೆತ್ತಿದ್ದೇ ತಡ, ನಿಮಗೇನು ಟೀಚರ್, ಮನೆಯಲ್ಲಿ ಬಾವಿ ಇಟ್ಕೊಂಡು ನಮ್ಮ ಬಿಂದಿಗೆಯ ನೀರು ಉಪ್ಪೋ ಸಿಹಿಯೋ ಅಂತ ನೋಡೋಕೆ ಬಂದಿದ್ದೀರಿ, ನಾವು ಬಾಯಾರಿ ಕೂತಾಗ ಎಲ್ಲಿದ್ರಿ ಎಂದಳು. ನಿನ್ನ ವರದಿಯ ಯಾವ ಪುಟವೂ ನಿನ್ನ ಪರವಾಗಿ ಇಷ್ಟು ಚೆನ್ನಾಗಿ ವಾದಿಸಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ತನ್ನ ಟ್ಯಾಬ್ಲೆಟ್ಟಿನಲ್ಲಿ ಒಂದು ಪ್ರಶ್ನೆ ಬರೆದ. ನಮ್ಮ ನದಿಯಲ್ಲಿ ನೊರೆ ಯಾಕೆ ಬರುತ್ತೆ? ಬಟ್ಟೆ ಕಾರ್ಖಾನೆಯ ಕೆಳಗಿನ ತಿರುವಿನಲ್ಲಿ ಬರುತ್ತದಲ್ಲ, ಅದು. ತೆರೆಯ ಮೇಲೆ ಉತ್ತರ ಬಂತು: "ಈ ವಿಷಯ ನಿಮ್ಮ ಪಾಠದಲ್ಲಿಲ್ಲ." ಅದರ ಕೆಳಗೆ ಕಂಪನಿಯ ಗುರುತಾದ ಕರಡಿ ಮರಿ ಕೈ ಬೀಸಿತು. ಹುಡುಗನೂ ವಾಪಸ್ ಕೈ ಬೀಸಿದ. ಬಡಬಡಿ ಅವನ ಕೈಯಿಂದ ಇಸಿದುಕೊಂಡು ತನ್ನ "ಬಸ್ಸೆಲ್ಲಿ" ತೆರೆಯಲು ನೋಡಿದಳು. ಅದೇ ಸಾಲು, ಅದೇ ಕರಡಿ. ಬಸ್ಸಿನ ವಿಷಯಕ್ಕೆ ಕಂಪನಿಯದೇ ಪುಟವೊಂದು ತೆರೆಯಿತು, ಅದರಲ್ಲಿ ನಮ್ಮ ಕಡೆಯ ಬಸ್ಸುಗಳೇ ಇಲ್ಲ. ದೋಣಿಯಲ್ಲಿ ವಾಪಸ್ ಬರುವಾಗ ಬಡಬಡಿ ಬಾಯಿ ಮುಚ್ಚಿ ಕೂತದ್ದನ್ನು ಅಂಬಿಗ ಕೂಡ ಗುರುತಿಸಿ, ಹಲ್ಲು ನೋವಾ ಮರಿ ಎಂದು ಕೇಳಿದ. ದಡ ಸೇರಿದ ಮೇಲೆ ಅವಳು ನನ್ನನ್ನು ಕೇಳಿದ್ದು ಇಷ್ಟೇ: ಆ ಮೇಡಂ ಹೂಂ ಅಂದಿದ್ರಲ್ಲ ಟೀಚರ್?

ನಾನು ಕೇಳುವುದೂ ಇಷ್ಟೇ. ನದಿಯಾಚೆಗೆ ಟ್ಯಾಬ್ಲೆಟ್ ಕೊಡು, ಇವತ್ತೇ ಕೊಡು. ಬೀಗ ಮಾತ್ರ ತೆಗೆ. ಕಂಪನಿ ಬೀಗವಿಲ್ಲದೆ ಪುಕ್ಕಟೆ ಕೊಡುವುದಿಲ್ಲ, ನಿಧಿಯಲ್ಲಿ ಅಷ್ಟಿಲ್ಲ, ಎಲ್ಲರಿಗೂ ತೆರೆದ ಸಂಪರ್ಕ ಮುಟ್ಟಲು ವರ್ಷಗಳು ಬೇಕು ಅನ್ನುತ್ತೀಯ. ಬೇಕು, ಒಪ್ಪಿದೆ. ಹಾಗಾದರೆ ಸಂಪರ್ಕ ನಿಧಾನವಾಗಿರಲಿ, ಎಲ್ಲರಿಗೂ ಒಂದೇ ನಿಧಾನ. ನಮ್ಮ ಶಾಲೆಯ ವೇಗ ಇಳಿಸಿ ಆ ಕಡೆಗೆ ಕೊಡು, ನಾನೇ ಮೊದಲ ಸಹಿ ಹಾಕುತ್ತೇನೆ. ಚಿತ್ರ ಓಡದಿದ್ದರೆ ಬೇಡ, ಪ್ರಶ್ನೆ ಓಡಲಿ. ಅಷ್ಟರಲ್ಲಿ ಕಾಯುವವರ ಗತಿಯೇನು ಅಕ್ಕ, ಕಾದವರ ಕಿವಿ ಹೋಗುತ್ತಲ್ಲ ಅನ್ನುತ್ತೀಯಾ? ಈ ಲೋಕದಲ್ಲಿ ಆ ಮಾತನ್ನು ನನಗೆ ಹೇಳುವ ಅಧಿಕಾರ ನಿನಗೊಬ್ಬಳಿಗಿದೆ. ಹೇಳಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ನೀನು ಹೇಳಲೇ ಇಲ್ಲ. ಅದರ ಬದಲು ಕಥೆ ಕಟ್ಟಿದೆ.

ಮುಂದಿನ ತಿಂಗಳು ಆಕ್ಷೇಪಣೆಗಳ ವಿಚಾರಣೆಯಿದೆ. ನೀನೇ ಅಧ್ಯಕ್ಷೆಯಂತೆ. ಅದಾದ ಮೇಲೆ ವರದಿ ಅಂತಿಮ, ರಜೆ ಮುಗಿದು ಶಾಲೆ ಮತ್ತೆ ತೆರೆಯುವುದರೊಳಗೆ ನಮ್ಮ ಕೇಬಲ್ ಕಡಿಯುತ್ತಾರೆ. ನಾನು ಹೆಸರು ಕೊಟ್ಟಿದ್ದೇನೆ, ಬಡಬಡಿಯೂ ಕೊಟ್ಟಿದ್ದಾಳೆ. ಹೆಡ್ಮಾಸ್ತರರು, ಸ್ವಂತ ತಂಗಿಯ ಎದುರು ನಿಲ್ತೀರಾ ಟೀಚರ್, ಊರು ಏನಂದೀತು ಎಂದರು. ಊರು ಬಸ್ಸಿಗೆ ಕಾಯುತ್ತಾ ಬಿಸಿಲಲ್ಲಿ ನಿಂತಾಗ ಏನನ್ನುತ್ತದೋ ಅದನ್ನೇ ಅನ್ನುತ್ತದೆ ಎಂದೆ.

ಅಷ್ಟರೊಳಗೆ ಆ ಮುನ್ನುಡಿಯಿಂದ ಅಮ್ಮನನ್ನು ತೆಗೆ. ತೆಗೆಯದಿದ್ದರೆ ಎಲ್ಲರ ಮುಂದೆ ಹೇಳುತ್ತೇನೆ, ಅವಳು ವೈರು ಕೀಳಲಿಲ್ಲ, ನಾನು ಕಂಡಿದ್ದೇನೆ ಎಂದು. ಕಿವಿಯ ಮಾತು ನನ್ನ ಬಾಯಿಂದ ಬರುವುದಿಲ್ಲ, ಅದು ನಿನ್ನದು. ನಿನ್ನನ್ನು ಸೋಲಿಸಲು ಅದನ್ನು ಬಳಸಿದರೆ ನನಗೂ ನಿನಗೂ ಏನು ವ್ಯತ್ಯಾಸ ಉಳಿಯಿತು?

ದಿಂಬಿನ ಪಕ್ಕದಲ್ಲಿ ಬಿಟ್ಟುಹೋದ ನಿನ್ನ ಮಫ್ಲರ್ ಒಗೆದು ಇಟ್ಟಿದ್ದೇನೆ. ವಿಚಾರಣೆಗೆ ಬರುವಾಗ ತರುತ್ತೇನೆ. ಬೇಡವೆಂದರೆ ಅಲ್ಲೇ ಹೇಳು.

ನಿನ್ನ
ಅಕ್ಕ

ಮರೆತದ್ದು: ವಿಚಾರಣೆಯ ಕೋಣೆಯಲ್ಲಿ ಹೇಳಿಕೆ ಕೊಡುವವರ ಕುರ್ಚಿ ಅಧ್ಯಕ್ಷರ ಎಡಗಡೆ ಇರುತ್ತದಂತೆ. ಅದನ್ನು ಬಲಗಡೆಗೆ ಹಾಕಿಸಿ ಎಂದು ನಿನ್ನ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತ ಕಾರಣ ಕೇಳಿದ. ನಮ್ಮ ಮನೆಯ ರೂಢಿ ಎಂದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ, ಆದರೂ ಪಾಪ, ಹಾಕಿಸ್ತೀನಮ್ಮ ಎಂದ. ಆ ಕುರ್ಚಿಯಲ್ಲಿ ಮೊದಲು ಕೂರುವುದು ಬಡಬಡಿ, ಆಮೇಲೆ ನಾನು. ಅವಳು ಮಾತು ಮುಗಿಸುವ ತನಕ ಹೂಂ ಅನ್ನಬೇಡ.